ಮಗುವಿನ ಮೆಳ್ಳೆಗಣ್ಣು ಅದೃಷ್ಟವೇ?

"ಮೆಳ್ಳೆಗಣ್ಣು ಅದೃಷ್ಟ ಕಣೇ, ದೊಡ್ಡವನಾದ್ಮೇಲೆ ತಾನೇ ಸರಿಹೋಗತ್ತೆ ಬಿಡು!"

ಮನೆಯ ಹಿರಿಯರು ಹೀಗೆ ಸಮಾಧಾನ ಹೇಳುವುದನ್ನು ನಾವೆಲ್ಲ ಕೇಳಿದವರೇ. ಆದರೆ ಹಾಗೆಂದು ಕಾಯುತ್ತ ಕುಳಿತರೆ ಮಗುವಿನ ಒಂದು ಕಣ್ಣಿನ ದೃಷ್ಟಿಯೇ ಮಂಕಾದೀತು. ಅದೇಕೆಂದು ತಿಳಿಯಲು ನೆರವಾದವರು ಅಮೆರಿಕದ ಪ್ರಯೋಗಶಾಲೆಯಲ್ಲಿ ದುಡಿದ ಇಬ್ಬರು ವಿಜ್ಞಾನಿಗಳು.

ಕೆನಡಾದಲ್ಲಿ ಹುಟ್ಟಿದ ಡೇವಿಡ್ ಹ್ಯೂಬೆಲ್ ಮತ್ತು ಸ್ವೀಡನ್ನಿನ ಟಾರ್ಸ್ಟನ್ ವೀಸೆಲ್ 1958ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೊತೆಯಾದರು. ಅರಿವಳಿಕೆ ಕೊಟ್ಟ ಬೆಕ್ಕಿನ ಮಿದುಳಿನ ಹಿಂಭಾಗಕ್ಕೆ ಅತಿ ಸೂಕ್ಷ್ಮ ತಂತಿ ಇಳಿಸಿ, ಅದರ ಕಣ್ಣಿಗೆ ಚುಕ್ಕೆಗಳನ್ನು ತೋರಿಸಿದರು. ಗಂಟೆಗಟ್ಟಲೆ ತೋರಿಸಿದರೂ ಮಿದುಳಿನ ಜೀವಕೋಶ ಸುಮ್ಮನೇ ಇತ್ತು. ಕೊನೆಗೆ ಚುಕ್ಕೆಯಿದ್ದ ಗಾಜಿನ ಪಟ್ಟಿಯನ್ನು ಯಂತ್ರದೊಳಗೆ ಸೇರಿಸುವಾಗ ಧ್ವನಿವರ್ಧಕದಲ್ಲಿ ಪಟಪಟ ಸದ್ದು! ಕೋಶ ಮಿಡಿದದ್ದು ಚುಕ್ಕೆಗಲ್ಲ, ಗಾಜಿನ ಅಂಚಿನ ಗೆರೆಯಂಥ ನೆರಳಿಗೆ. ಒಂದು ಕೋಶಕ್ಕೆ ನೆಟ್ಟನೆಯ ಗೆರೆ ಬೇಕು, ಇನ್ನೊಂದಕ್ಕೆ ಓರೆ ಗೆರೆ. ಬಾಗಿಲ ಮುಂದಿನ ರಂಗೋಲಿಯನ್ನು ನಾವು ನೋಡುವಾಗಲೂ ಅಷ್ಟೇ, ಮಿದುಳು ಮೊದಲು ಗೆರೆಗೆರೆಯಾಗಿ ಬಿಡಿಸಿಕೊಂಡು ಆಮೇಲೆ ಕೂಡಿಸುತ್ತದೆ.

ಮುಂದೆ ಹಾರ್ವರ್ಡ್‌ನಲ್ಲಿ ಅವರು ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆ ಹೊಲಿದು, ಎರಡು ಮೂರು ತಿಂಗಳ ನಂತರ ಬಿಚ್ಚಿ ನೋಡಿದರು. ಕಣ್ಣು ಚೆನ್ನಾಗಿಯೇ ಇತ್ತು. ಆದರೆ ಮಿದುಳು ಆ ಕಣ್ಣನ್ನು ಮರೆತೇಬಿಟ್ಟಿತ್ತು! ಬೆಳೆದ ಬೆಕ್ಕಿಗೆ ಹೀಗೆಯೇ ಮಾಡಿದರೆ ಏನೂ ಆಗಲಿಲ್ಲ. ಅಂದರೆ, ನೋಡುವುದನ್ನು ಮಿದುಳು ಎಳವೆಯಲ್ಲೇ ಕಲಿಯಬೇಕು. ಈ ಸಂಶೋಧನೆಗಳಿಗಾಗಿ 1981ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು.

ನಮ್ಮ ಮಕ್ಕಳ ಮಾತಿಗೆ ಬರೋಣ. ಎರಡು ಕಣ್ಣು ಎರಡು ದಿಕ್ಕಿಗೆ ನೋಡಿದರೆ ಮಿದುಳು ಒಂದನ್ನು ಕಡೆಗಣಿಸುತ್ತದೆ. ಆ ಕಣ್ಣು 'ಸೋಮಾರಿ'ಯಾಗುತ್ತದೆ. ಒಂದು ಕಣ್ಣಿಗೆ ಮಾತ್ರ ಹೆಚ್ಚು ಪವರ್ ಇದ್ದರೂ, ಹುಟ್ಟಿನಿಂದಲೇ ಪೊರೆ ಇದ್ದರೂ ಹೀಗಾಗಬಹುದು. ಚಿಕಿತ್ಸೆಯೇನೂ ಭಯಪಡುವಂಥದ್ದಲ್ಲ. ಕೆಲವರಿಗೆ ಕನ್ನಡಕವೇ ಸಾಕು. ಇನ್ನು ಕೆಲವರಿಗೆ ಚೆನ್ನಾಗಿರುವ ಕಣ್ಣಿಗೆ ದಿನಕ್ಕಿಷ್ಟು ಹೊತ್ತು ಪಟ್ಟಿ ಹಾಕಿ, ಸೋಮಾರಿ ಕಣ್ಣಿಗೆ ಕೆಲಸ ಕೊಡುತ್ತಾರೆ. ಪೊರೆಯಿದ್ದರೆ ಶಸ್ತ್ರಚಿಕಿತ್ಸೆ ಬೇಕಾದೀತು. ಏಳು ವರ್ಷದೊಳಗೆ ಶುರು ಮಾಡಿದರೆ ಗುಣ ಹೆಚ್ಚು. ವೈದ್ಯರನ್ನು ಕೇಳದೆ ನೀವೇ ಪಟ್ಟಿ ಕಟ್ಟಬೇಡಿ.

ತಾಯಂದಿರು ಗಮನಿಸಬೇಕಾದದ್ದು:

* ನಾಲ್ಕು ತಿಂಗಳು ತುಂಬಿದ ಮೇಲೂ ಕಣ್ಣು ಓರೆಯಾಗಿಯೇ ಇದೆಯೇ?
* ಒಂದು ಕಣ್ಣು ಮುಚ್ಚಿದರೆ ಸುಮ್ಮನಿದ್ದು, ಇನ್ನೊಂದು ಮುಚ್ಚಿದರೆ ಮಗು ರಚ್ಚೆ ಹಿಡಿಯುತ್ತದೆಯೇ?
* ಕಪ್ಪಾಗಿರಬೇಕಾದ ಪಾಪೆ ಬೆಳ್ಳಗೆ ಕಾಣುತ್ತದೆಯೇ? ಹಾಗಿದ್ದರೆ ಒಂದು ದಿನವೂ ತಡ ಬೇಡ. ಅದು ಪೊರೆಯಿರಬಹುದು, ಕಣ್ಣಿನ ಗಡ್ಡೆಯೂ ಇರಬಹುದು.

ವಯಸ್ಸು ಮೀರಿತೆಂದು ಕೈಚೆಲ್ಲಬೇಕಿಲ್ಲ. ಅಮೆರಿಕದ ಎಂಐಟಿಯ ಪವನ್ ಸಿನ್ಹಾ ಅವರು ನಮ್ಮ ದೇಶದಲ್ಲಿ ಆರಂಭಿಸಿದ 'ಪ್ರಾಜೆಕ್ಟ್ ಪ್ರಕಾಶ್'ನಲ್ಲಿ, ಹುಟ್ಟಿನಿಂದ ಕಾಣದಿದ್ದ ದೊಡ್ಡ ಮಕ್ಕಳೂ ಶಸ್ತ್ರಚಿಕಿತ್ಸೆಯ ನಂತರ ಬದುಕಿಗೆ ಸಾಕಾಗುವಷ್ಟು ನೋಡಲು ಕಲಿತಿದ್ದಾರೆ. ಆದರೂ ಬೇಗ ಹೋದವರಿಗೆ ಸಿಗುವಷ್ಟು ಸ್ಪಷ್ಟ ದೃಷ್ಟಿ ತಡವಾದವರಿಗೆ ಸಿಗುವುದು ಕಷ್ಟ.

ಅದೃಷ್ಟದ ಮಾತು ಹಾಗಿರಲಿ, ಮೊದಲು ಮಗುವನ್ನು ಜಿಲ್ಲಾ ಆಸ್ಪತ್ರೆಯ ಕಣ್ಣಿನ ವೈದ್ಯರಿಗೆ ಒಮ್ಮೆ ತೋರಿಸಿಕೊಂಡು ಬನ್ನಿ.