ನ್ಯಾಯವಾದಿಯ ಅರ್ಹತೆ: ನಾಲ್ಕು ದೇಶಗಳ ಪದ್ಧತಿ

ಅರಬ್ಬೀ ಮೂಲದ ‘ವಕೀಲ’ ಶಬ್ದಕ್ಕೆ ಪ್ರತಿನಿಧಿಯೆಂದು ಅರ್ಥ; ಲ್ಯಾಟಿನ್ ಮೂಲದ ‘ಅಡ್ವೊಕೇಟ್’ ಶಬ್ದಕ್ಕೆ ನೆರವಿಗಾಗಿ ಕರೆಯಲ್ಪಟ್ಟವನೆಂದು ಅರ್ಥ. ಎರಡಕ್ಕೂ ನಂಬಿಕೆಯೇ ಆಧಾರ. ಕಕ್ಷಿಗಾರನು ತಾನು ನೆಚ್ಚಿದವನ ಶಾಸ್ತ್ರಜ್ಞಾನವನ್ನು ತಾನೇ ಅಳೆಯಲಾರನಾದುದರಿಂದ, ಅವನ ಪರವಾಗಿ ಅದನ್ನು ಅಳೆಯತಕ್ಕವರು ಯಾರೆಂಬ ಪ್ರಶ್ನೆಯು ಎಲ್ಲೆಡೆಯಲ್ಲಿಯೂ ಹುಟ್ಟಿದೆ. ಅದಕ್ಕೆ ದೊರೆತ ಉತ್ತರಗಳು ದೇಶದಿಂದ ದೇಶಕ್ಕೆ ಭಿನ್ನವಾಗಿವೆ.

ಇಂಗ್ಲೆಂಡಿನಲ್ಲಿ ಈ ಅಧಿಕಾರವು ವೃತ್ತಿಗಾರರ ಸಂಘಗಳಿಗೆ ಸೇರಿತು. ಲಿಂಕನ್ಸ್ ಇನ್, ಗ್ರೇಸ್ ಇನ್, ಇನ್ನರ್ ಟೆಂಪಲ್, ಮಿಡಲ್ ಟೆಂಪಲ್ ಎಂಬ ಲಂಡನ್ನಿನ ನಾಲ್ಕು ಸಂಘಗಳೇ ಬ್ಯಾರಿಸ್ಟರ್ ಪದವಿಯನ್ನು ಕೊಡತಕ್ಕವು. ೧೮೭೨ರವರೆಗೆ ಪರೀಕ್ಷೆಯು ಅಲ್ಲಿ ಕಡ್ಡಾಯವಾಗಿರಲಿಲ್ಲ. ಸಂಘದ ನಿಯತ ಭೋಜನಗಳಲ್ಲಿ ಹಾಜರಿರಬೇಕೆಂಬ ನಿಯಮವು ಮಾತ್ರ ತಪ್ಪುತ್ತಿರಲಿಲ್ಲ. ೧೮೯೧ರಲ್ಲಿ ಇನ್ನರ್ ಟೆಂಪಲ್ಲಿನಿಂದ ಬ್ಯಾರಿಸ್ಟರಾದ ಗಾಂಧಿಯವರು ಭೋಜನ, ಪರೀಕ್ಷೆಗಳೆರಡನ್ನೂ ಮುಗಿಸಬೇಕಾಯಿತು. ಮೇಲುನೋಟಕ್ಕೆ ನಗೆ ತರಿಸುವ ಈ ಆಚಾರದಲ್ಲಿ, ವಿದ್ಯೆಯು ಹಿರಿಯರ ಸಹವಾಸದಿಂದ ಬರತಕ್ಕದ್ದೆಂಬ ಭಾವನೆಯು ಅಡಗಿದೆ. ಇಂದಿಗೂ ಹಿರಿಯ ಬ್ಯಾರಿಸ್ಟರರ ಕೈಕೆಳಗೆ ಅಭ್ಯಾಸಮಾಡದವನು ಸ್ವತಂತ್ರವಾಗಿ ವೃತ್ತಿ ನಡೆಸುವಂತಿಲ್ಲ.

ಜರ್ಮನಿಯಲ್ಲಿ ಅಳೆಯುವ ಅಧಿಕಾರವು ಪ್ರಧಾನವಾಗಿ ಸರಕಾರದ್ದು. ವಿಶ್ವವಿದ್ಯಾನಿಲಯದ ವ್ಯಾಸಂಗದ ಕೊನೆಗೆ ಮೊದಲನೆಯ ಪರೀಕ್ಷೆ; ಆಮೇಲೆ ನ್ಯಾಯಾಲಯ, ಆಡಳಿತ ಕಚೇರಿ, ವಕೀಲರ ಕಚೇರಿ ಮೊದಲಾದೆಡೆಗಳಲ್ಲಿ ಎರಡು ವರ್ಷಗಳ ಅಭ್ಯಾಸ; ಅನಂತರ ಎರಡನೆಯ ಪರೀಕ್ಷೆ. ಇದರಲ್ಲಿ ತೇರ್ಗಡೆಯಾದವನಿಗೆ ದೊರೆಯುವುದು ನ್ಯಾಯಾಧೀಶನಾಗುವ ಯೋಗ್ಯತೆ. ಅಲ್ಲಿ ಓದಿದವನು ವಕೀಲನಾಗಬೇಕಾದರೂ ಅದೇ ಯೋಗ್ಯತೆ ಬೇಕು.

ಅಮೆರಿಕದಲ್ಲಿ ಅಬ್ರಹಾಂ ಲಿಂಕನ್ನನು ಗ್ರಂಥಗಳನ್ನು ತಾನೇ ಓದಿಕೊಂಡು ೧೮೩೬ರಲ್ಲಿ ಸನ್ನದು ಪಡೆದನು. ೧೮೭೦ರಲ್ಲಿ ಹಾರ್ವರ್ಡಿನ ಕಾನೂನು ಶಾಲೆಗೆ ಮುಖ್ಯಸ್ಥನಾದ ಲ್ಯಾಂಗ್‌ಡೆಲ್ಲನು ತೀರ್ಪುಗಳನ್ನೇ ಪಠ್ಯವಾಗಿಟ್ಟು ಬೋಧಿಸುವ ಕ್ರಮವನ್ನು ತಂದನು. ಕ್ರಮೇಣ ವಿಶ್ವವಿದ್ಯಾನಿಲಯವೇ ಹೆದ್ದಾರಿಯಾಯಿತು. ಈಗ ಬೇರೊಂದು ಪದವಿಯ ತರುವಾಯ ಮೂರು ವರ್ಷ ಕಾನೂನನ್ನು ಓದಿ, ಆಯಾ ಸಂಸ್ಥಾನದ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ವಾಡಿಕೆ. ಕ್ಯಾಲಿಫೋರ್ನಿಯ, ವರ್ಜೀನಿಯ ಮೊದಲಾದ ಕೆಲವೆಡೆಗಳಲ್ಲಿ ಕಾಲೇಜಿಗೆ ಹೋಗದೆ ವಕೀಲರ ಬಳಿ ಓದುವ ಹಳೆಯ ದಾರಿಯೂ ಉಳಿದಿದೆ.

ಭಾರತದಲ್ಲಿ ಬ್ಯಾರಿಸ್ಟರ್, ವಕೀಲ, ಪ್ಲೀಡರ್ ಮೊದಲಾಗಿ ಇದ್ದ ಭೇದಗಳನ್ನಳಿಸಿ ಅಡ್ವೊಕೇಟರೆಂಬ ಒಂದೇ ವರ್ಗವನ್ನು ೧೯೬೧ರ ಕಾಯಿದೆಯು ನಿರ್ಮಿಸಿತು. ೧೯೮೬ರ ಕರ್ನಾಟಕ ಶಾಸನದಿಂದ ಹುಟ್ಟಿದ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು ಐದು ವರ್ಷಗಳ ಸಂಯುಕ್ತ ವ್ಯಾಸಂಗಕ್ಕೆ ಮಾದರಿಯಾಯಿತು. ಸನ್ನದಿಗೆ ಮುನ್ನ ಅಭ್ಯಾಸವಿರಬೇಕೆಂದು ವಕೀಲರ ಪರಿಷತ್ತು ೧೯೯೫ರಲ್ಲಿ ಮಾಡಿದ ನಿಯಮವನ್ನು, ಹಾಗೆ ವಿಧಿಸುವ ಅಧಿಕಾರವು ಕಾಯಿದೆಯಲ್ಲಿಲ್ಲವೆಂಬ ಕಾರಣದಿಂದ ಸರ್ವೋಚ್ಚ ನ್ಯಾಯಾಲಯವು ೧೯೯೯ರಲ್ಲಿ ರದ್ದುಮಾಡಿತು. ೨೦೧೦ರಲ್ಲಿ ಪರಿಷತ್ತು ವಿಧಿಸಿದ ಅಖಿಲ ಭಾರತ ಪರೀಕ್ಷೆಯನ್ನಾದರೋ ೨೦೨೩ರಲ್ಲಿ ಸಂವಿಧಾನ ಪೀಠವು ಎತ್ತಿಹಿಡಿಯಿತು.

ಹೀಗೆ ಇಲ್ಲಿ ಪರೀಕ್ಷೆಯು ನಿಂತಿತು, ಅಭ್ಯಾಸವು ಬಿಟ್ಟುಹೋಯಿತು. ಪರೀಕ್ಷೆಯು ಜ್ಞಾನವನ್ನು ಅಳೆದೀತು, ಅನುಭವವನ್ನು ಕೊಡಲಾರದು. ಮನೆತನದಲ್ಲಿ ವಕೀಲರಿದ್ದವನಿಗೆ ಅದು ಸಹಜವಾಗಿ ಒದಗುವುದು. ಇಲ್ಲದವನಿಗೆ ಹಿರಿಯರೊಬ್ಬರ ಕೃಪೆಯೇ ಗತಿ. ಇದರ ನಷ್ಟವನ್ನು ಕೊನೆಗೆ ಹೊರತಕ್ಕವನು, ವಕೀಲನನ್ನು ಅಳೆಯಲಾರದೆ ನಂಬಿ ಬಂದ ಕಕ್ಷಿಗಾರನೇ.