ಬಿಪಿ ಇಳಿಯಿತು, ಕಣ್ಣು ಹೋಯಿತು: ಅವಸರದ ಚಿಕಿತ್ಸೆಯ ಅಪಾಯ

ಯಂತ್ರದ ಮೇಲೆ 220/130 ಅಂತ ಕಂಡರೆ ಮನೆಮಂದಿಯೆಲ್ಲ ಕೇಳುವುದು ಒಂದೇ: 'ಡಾಕ್ಟ್ರೇ, ಮೊದಲು ಬಿಪಿ ಇಳಿಸಿಬಿಡಿ.' ಇಳಿಸಬೇಕು, ನಿಜ. ಆದರೆ ಎಷ್ಟು ಬೇಗ ಅನ್ನುವುದರ ಮೇಲೆ ರೋಗಿಯ ದೃಷ್ಟಿ ನಿಂತಿರಬಹುದು. ವಿಪರೀತ ರಕ್ತದೊತ್ತಡಕ್ಕೆ ಚಿಕಿತ್ಸೆ ಕೊಟ್ಟ ನಂತರ ರೋಗಿಗಳು ಕುರುಡಾದ ಬಗ್ಗೆ 1979ರಲ್ಲೇ 'ಬ್ರಿಟಿಷ್ ಮೆಡಿಕಲ್ ಜರ್ನಲ್' ವರದಿ ಪ್ರಕಟಿಸಿತ್ತು.

ಹೀಗೇಕೆ? ಮಿದುಳು ಮತ್ತು ದೃಷ್ಟಿನರದ ಸಣ್ಣ ರಕ್ತನಾಳಗಳು ಬರೀ ಪೈಪುಗಳಲ್ಲ. ಒತ್ತಡ ಏರಿದರೆ ಕುಗ್ಗಿ, ಇಳಿದರೆ ಹಿಗ್ಗಿ, ರಕ್ತದ ಹರಿವನ್ನು ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿ ಇಡುತ್ತವೆ. ನಾವು ಇಂಜಿನಿಯರಿಂಗ್‌ನಲ್ಲಿ ಓದಿದ ಪ್ರೆಶರ್ ರೆಗ್ಯುಲೇಟರ್ ಥರ. ಒಂದೇ ವ್ಯತ್ಯಾಸ, ಇದು ತನ್ನ ಸೆಟ್ಟಿಂಗನ್ನು ತಾನೇ ಬದಲಿಸಿಕೊಳ್ಳುತ್ತೆ. ವರ್ಷಗಟ್ಟಲೆ ಹೆಚ್ಚು ಬಿಪಿಗೆ ಒಗ್ಗಿದ ನಾಳಗಳ ಗೋಡೆ ದಪ್ಪವಾಗಿ, ಅವು ನಿಭಾಯಿಸಬಲ್ಲ ಒತ್ತಡದ ಮಿತಿಯೇ ಮೇಲಕ್ಕೆ ಸರಿದಿರುತ್ತದೆ. ಅಂಥವರಿಗೆ ನಮ್ಮ 120/80 ಕೂಡ ತೀರಾ ಕಡಿಮೆಯಾಗಬಹುದು. ಗಂಟೆಯೊಳಗೆ ಅಲ್ಲಿಗೆ ಎಳೆದು ತಂದರೆ ದೃಷ್ಟಿನರಕ್ಕೆ ರಕ್ತ ಸಾಲದೆ ಅದು ಸಾಯುತ್ತದೆ. ಸತ್ತ ನರಕ್ಕೆ ಕನ್ನಡಕವೂ ಇಲ್ಲ, ಆಪರೇಷನ್ನೂ ಇಲ್ಲ.

ಹಿಂದೆ ನಿಫೆಡಿಪಿನ್ ಕ್ಯಾಪ್ಸೂಲ್ ಒಡೆದು ನಾಲಿಗೆ ಕೆಳಗೆ ಹಾಕುವುದು ರೂಢಿಯಾಗಿತ್ತು. ಬಿಪಿ ದಡಕ್ಕನೆ ಬೀಳುತ್ತಿತ್ತು, ಎಲ್ಲರಿಗೂ ಸಮಾಧಾನ. ಪಾರ್ಶ್ವವಾಯು, ಹೃದಯಾಘಾತದ ಪ್ರಕರಣಗಳನ್ನು ಮುಂದಿಟ್ಟು, ಈ ಪದ್ಧತಿ ನಿಲ್ಲಬೇಕೆಂದು 1996ರಲ್ಲಿ ಅಮೆರಿಕದ 'ಜಾಮಾ' ಪತ್ರಿಕೆಯಲ್ಲಿ ವೈದ್ಯರು ಬರೆದರು. ಅಮೆರಿಕದ ಹೃದ್ರೋಗ ಸಂಸ್ಥೆಗಳ 2017ರ ಮಾರ್ಗಸೂಚಿ ಪ್ರಕಾರ, ಅಂಗಾಂಗಗಳಿಗೆ ಹಾನಿಯಾಗುತ್ತಿದ್ದರೂ ಮೊದಲ ಗಂಟೆಯಲ್ಲಿ ಶೇ. 25ಕ್ಕಿಂತ ಹೆಚ್ಚು ಇಳಿಸಬಾರದು. ಮುಂದಿನ 2ರಿಂದ 6 ಗಂಟೆಗಳಲ್ಲಿ 160/100ರ ಆಸುಪಾಸು. ಸಹಜ ಮಟ್ಟಕ್ಕೆ ತರಲು ಇನ್ನೂ ಒಂದೆರಡು ದಿನ. ಮಹಾಪಧಮನಿ ಸೀಳಿದಾಗ, ಗರ್ಭಿಣಿಯರ ತೀವ್ರ ಬಿಪಿಯಲ್ಲಿ ಲೆಕ್ಕ ಬೇರೆ. ಹಾನಿಯ ಲಕ್ಷಣವೇ ಇಲ್ಲ, ಬರೀ ಸಂಖ್ಯೆ ಜಾಸ್ತಿ ಅಂದರೆ ಸಾಮಾನ್ಯವಾಗಿ ಮಾತ್ರೆ ಸಾಕು, ಡ್ರಿಪ್ ಬೇಕಿಲ್ಲ.

ಇದನ್ನೋದಿ ಯಾರೂ ಮಾತ್ರೆ ಬಿಡಬೇಡಿ, ದಯವಿಟ್ಟು. ಚಿಕಿತ್ಸೆಯಿಲ್ಲದ ಬಿಪಿಯೂ ಕಣ್ಣು ಕೆಡಿಸುತ್ತೆ. ಹಾಗಂತ ನಾಲ್ಕು ದಿನ ಮರೆತ ಮಾತ್ರೆಗಳನ್ನು ಒಟ್ಟಿಗೆ ನುಂಗುವುದೂ ಬೇಡ. ಆಸ್ಪತ್ರೆಗೆ ಹೋದಾಗ ಬಿಪಿ ಎಷ್ಟು ವರ್ಷದಿಂದ ಇದೆ, ಯಾವ ಮಾತ್ರೆ ನುಂಗುತ್ತಿದ್ದರು, ಯಾವಾಗ ನಿಲ್ಲಿಸಿದರು ಅಂತ ಹೇಳಿ, ಹಳೇ ಚೀಟಿ ತೋರಿಸಿ. ಚಿಕಿತ್ಸೆ ನಡೆಯುವಾಗ ರೋಗಿ 'ಕಣ್ಣು ಮಂಜಾಗ್ತಿದೆ' ಅಂದರೆ, ಬಿಪಿ ಇಳೀತಲ್ಲ ಅಂತ ಸುಮ್ಮನೆ ಕೂರದೆ ಆಗಲೇ ಡಾಕ್ಟರನ್ನು ಕರೆಯಿರಿ.