ಬೊಕ್ಕಸ ಬರಿದಾದಾಗ ತರಗತಿ ದೊರಕಿಸಿಕೊಳ್ಳುವ ಬಗೆ: ಕ್ಯಾಲಿಫೋರ್ನಿಯಾ ಸಮುದಾಯ ಕಾಲೇಜುಗಳ ಅನುಭವ

ಮಾರುಕಟ್ಟೆಯಲ್ಲಿ ಮುಗ್ಗಟ್ಟು ತಲೆದೋರಿದಾಗ ಅಂಗಡಿಗೆ ಬರುವ ಗಿರಾಕಿಗಳು ಕಡಿಮೆಯಾಗುವುದು ಎಲ್ಲ ವರ್ತಕರ ಅನುಭವ. ಇದಕ್ಕೆ ವ್ಯತಿರಿಕ್ತವಾಗಿ, ಮುಗ್ಗಟ್ಟು ಬಂದಾಗಲೇ ಬಾಗಿಲಲ್ಲಿ ಜನ ನೆರೆಯುವ ಸಂಸ್ಥೆಯೆಂದರೆ ಅಮೆರಿಕದ ಸಮುದಾಯ ಕಾಲೇಜು. 2010ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ನಿರುದ್ಯೋಗ ಪ್ರಮಾಣ ಶೇಕಡಾ 12ನ್ನು ದಾಟಿತ್ತು. ಕೆಲಸ ಕಳೆದುಕೊಂಡ ಕಟ್ಟಡ ಕಾರ್ಮಿಕರು, ಗುಮಾಸ್ತರು, ಯಂತ್ರಚಾಲಕರು ಹೊಸ ಕಸುಬು ಕಲಿಯಲೆಂದು ಸಮೀಪದ ಕಾಲೇಜಿನ ನೋಂದಣಿ ಕಚೇರಿಗೆ ಬಂದರು. ತೆರಿಗೆ ವಸೂಲಿ ಕುಸಿದಿದ್ದ ರಾಜ್ಯ ಸರ್ಕಾರ ಅದೇ ಕಾಲಕ್ಕೆ ಅನುದಾನಕ್ಕೆ ಕತ್ತರಿ ಹಾಕಿತು. ಗಿರಾಕಿ ಹೆಚ್ಚು, ಸರಕು ಕಡಿಮೆ; ಬೆಲೆಯನ್ನು ನಿಗದಿಪಡಿಸುವ ಅಧಿಕಾರ ಮಾತ್ರ ಅಂಗಡಿಯವನ ಕೈಯಲ್ಲಿಲ್ಲ, ಅದು ಶಾಸನಸಭೆಯದು. ಇಂಥ ಸ್ಥಿತಿಯಲ್ಲಿ ವಿದ್ಯಾರ್ಥಿ ಹೇಗೆ ನಡೆದುಕೊಂಡರೆ ನಷ್ಟ ಕಡಿಮೆ ಎಂಬುದು ಆ ವರ್ಷಗಳು ಕಲಿಸಿದ ಪಾಠ. ಆಯವ್ಯಯದ ಕೊರತೆ ಮರುಕಳಿಸಿದಾಗಲೆಲ್ಲ ಆ ಪಾಠ ಮತ್ತೆ ಉಪಯೋಗಕ್ಕೆ ಬರುತ್ತದೆ.

ಈ ಕಾಲೇಜುಗಳ ಹಿನ್ನೆಲೆ ಸಂಕ್ಷೇಪವಾಗಿ ಹೀಗಿದೆ. ಕ್ಯಾಲಿಫೋರ್ನಿಯಾದಲ್ಲಿ ಮೊದಲನೆಯದು 1910ರಲ್ಲಿ ಫ್ರೆಸ್ನೋ ನಗರದಲ್ಲಿ ಆರಂಭವಾಯಿತು. 1960ರ ಉನ್ನತ ಶಿಕ್ಷಣ ಮಹಾಯೋಜನೆ ಅವುಗಳ ಬಾಗಿಲನ್ನು ಕಲಿಯಬಲ್ಲ ಎಲ್ಲರಿಗೂ ತೆರೆದಿಟ್ಟಿತು. ಎರಡು ವರ್ಷ ಇಲ್ಲಿ ಓದಿ ಉಳಿದೆರಡು ವರ್ಷಗಳಿಗೆ ವಿಶ್ವವಿದ್ಯಾಲಯಕ್ಕೆ ವರ್ಗಾವಣೆ ಪಡೆಯುವವರು ಒಂದು ಬಗೆ. ಬೆಸುಗೆ, ಶುಶ್ರೂಷೆ, ಲೆಕ್ಕಪತ್ರ, ವಾಹನ ದುರಸ್ತಿಯಂಥ ಕಸುಬು ಕಲಿತು ನೇರವಾಗಿ ಕೆಲಸಕ್ಕೆ ಸೇರುವವರು ಮತ್ತೊಂದು ಬಗೆ. ಆಗ 112 ಇದ್ದ ಈ ಕಾಲೇಜುಗಳ ಸಂಖ್ಯೆ ಬಳಿಕ 116ಕ್ಕೇರಿತು. 1984ರವರೆಗೆ ರಾಜ್ಯದ ನಿವಾಸಿಗಳಿಗೆ ಬೋಧನಾ ಶುಲ್ಕವೇ ಇರಲಿಲ್ಲ.

ಶುಲ್ಕದ ಏರಿಕೆಗಿಂತ ದುಬಾರಿಯಾದದ್ದು

2008ರ ಕುಸಿತದ ನಂತರದ ಮೂರು ನಾಲ್ಕು ವರ್ಷಗಳಲ್ಲಿ ರಾಜ್ಯದ ಅನುದಾನ ಸುಮಾರು 80 ಕೋಟಿ ಡಾಲರುಗಳಷ್ಟು ಇಳಿಯಿತು. ತರಗತಿಗಳಲ್ಲಿ ಐದನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಷ್ಟು ರದ್ದಾದವು. ಬೇಸಿಗೆಯ ಅಧ್ಯಯನಾವಧಿಯನ್ನು ಎಷ್ಟೋ ಕಡೆ ಪೂರ್ತಿಯಾಗಿಯೇ ಕೈಬಿಡಲಾಯಿತು. 29 ಲಕ್ಷದಷ್ಟಿದ್ದ ವಿದ್ಯಾರ್ಥಿಗಳ ಸಂಖ್ಯೆ 24 ಲಕ್ಷಕ್ಕೆ ಕುಸಿಯಿತು. ಓದಲು ಮನಸ್ಸಿಲ್ಲದೆ ಹೋದವರಲ್ಲ ಇವರು, ಕುರ್ಚಿ ಸಿಗದೆ ಹೋದವರು. 2012ರ ಶರತ್ಕಾಲದ ಆರಂಭದಲ್ಲಿ ನಿರೀಕ್ಷಣಾ ಪಟ್ಟಿಗಳಲ್ಲಿದ್ದ ಹೆಸರುಗಳು 4 ಲಕ್ಷ 70 ಸಾವಿರವನ್ನು ಮೀರಿದ್ದವು.

ಕಡಿತದ ಜೊತೆಗೆ ಇನ್ನೊಂದು ತೊಡಕೂ ಇತ್ತು. ಸರ್ಕಾರಿ ಇಲಾಖೆಗಳಿಗೆ ಸರಕು ಪೂರೈಸಿ ಬಿಲ್ಲಿನ ಹಣಕ್ಕಾಗಿ ಕಾಯುವ ಉದ್ಯಮಿಗಳಿಗೆ ಅದು ಹೊಸದೇನಲ್ಲ. ಕೊಡಲು ಒಪ್ಪಿದ ಹಣವನ್ನೂ ರಾಜ್ಯವು ಮುಂದಿನ ಹಣಕಾಸು ವರ್ಷಕ್ಕೆ ತಳ್ಳುತ್ತ ಬಂದಿತು. ಹೀಗೆ ಉದ್ರಿ ಉಳಿದ ಮೊತ್ತ ಒಂದು ಹಂತದಲ್ಲಿ ಸುಮಾರು 96 ಕೋಟಿ ಡಾಲರುಗಳನ್ನು ಮುಟ್ಟಿತು. ಸಂಬಳ ಕೊಡಲು ಕಾಲೇಜುಗಳು ಅಲ್ಪಾವಧಿ ಸಾಲ ತಂದವು. ಸಾಲದ ಬಡ್ಡಿ ತರಗತಿಗಳ ಹಣದಿಂದಲೇ ಹೋಯಿತು.

ಶುಲ್ಕವೂ ಏರಿತು. ಯೂನಿಟ್ ಒಂದಕ್ಕೆ 20 ಡಾಲರ್ ಇದ್ದದ್ದು 2009ರಲ್ಲಿ 26, 2011ರಲ್ಲಿ 36, 2012ರ ಬೇಸಿಗೆಯಲ್ಲಿ 46 ಆಯಿತು. ಪತ್ರಿಕೆಗಳಲ್ಲಿ ಹೆಚ್ಚು ಗದ್ದಲವಾದದ್ದು ಇದೇ ವಿಷಯಕ್ಕೆ. ಆದರೆ ಲೆಕ್ಕ ಬಲ್ಲವರು ಒಂದು ಕ್ಷಣ ಕಾಗದ ಹಿಡಿದು ಕೂಡಬೇಕು. ಎರಡು ವರ್ಷಗಳ ಪದವಿಗೆ ಬೇಕಾದ ಯೂನಿಟ್‌ಗಳು 60. ಯೂನಿಟ್‌ಗೆ 26 ಡಾಲರಿನಂತೆ ಇಡೀ ಪದವಿಗೆ ಹೆಚ್ಚುವರಿ ಹೊರೆ 1,560 ಡಾಲರ್. ಆ ವರ್ಷಗಳಲ್ಲಿ ರಾಜ್ಯದ ಕನಿಷ್ಠ ಕೂಲಿ ಗಂಟೆಗೆ 8 ಡಾಲರ್ ಇತ್ತು. ಅಂದರೆ 195 ಗಂಟೆಗಳ, ಸುಮಾರು ಐದು ವಾರಗಳ ದುಡಿಮೆ. ಒಂದು ಕಡ್ಡಾಯ ಗಣಿತ ತರಗತಿ ಸಿಗದೆ ಇಡೀ ವರ್ಷ ಹೆಚ್ಚಾಗಿ ಕುಳಿತವನು ಕಳೆದುಕೊಂಡದ್ದು, ಪದವಿ ಅಥವಾ ಕಸುಬು ತರಬಹುದಾಗಿದ್ದ ಒಂದು ವರ್ಷದ ಪೂರ್ಣ ವರಮಾನ. ಆದುದರಿಂದ ಕಡಿತದ ಕಾಲದಲ್ಲಿ ವಿದ್ಯಾರ್ಥಿ ಉಳಿಸಬೇಕಾದದ್ದು ಮೊದಲು ಕಾಲವನ್ನು, ಅನಂತರ ಹಣವನ್ನು.

ಸರದಿಯ ಲೆಕ್ಕ

ತರಗತಿ ಸಿಗುವುದೂ ಸಿಗದಿರುವುದೂ ನೋಂದಣಿಯ ಸರದಿಯನ್ನು ಅವಲಂಬಿಸಿದೆ. ಹೊಸದಾಗಿ ಬಂದವರಿಗೆ ಕೊನೆಯ ಸರದಿ. ಅಷ್ಟರಲ್ಲಿ ಇಂಗ್ಲಿಷ್, ಗಣಿತ, ರಸಾಯನಶಾಸ್ತ್ರದ ಪ್ರಯೋಗಶಾಲೆಗಳು ತುಂಬಿರುತ್ತವೆ. 2012ರಲ್ಲಿ ಅಂಗೀಕಾರವಾದ ವಿದ್ಯಾರ್ಥಿ ಯಶಸ್ಸು ಕಾಯಿದೆಯ ಬೆನ್ನಲ್ಲೇ ಬಂದ ನಿಯಮಗಳು 2014ರ ಶರತ್ಕಾಲದಿಂದ ಈ ಸರದಿಯನ್ನು ಬದಲಿಸಿದವು. ಪರಿಚಯ ಕಾರ್ಯಕ್ರಮಕ್ಕೆ ಹಾಜರಾಗಿ, ಮಟ್ಟ ನಿರ್ಧಾರ ಮಾಡಿಸಿಕೊಂಡು, ಸಲಹೆಗಾರರೊಡನೆ ಕುಳಿತು ಅಧ್ಯಯನ ಯೋಜನೆಯೊಂದನ್ನು ಬರೆಸಿದ ವಿದ್ಯಾರ್ಥಿ ಮುಂದಕ್ಕೆ ಬಂದ. 100 ಯೂನಿಟ್‌ಗಳನ್ನು ಮೀರಿಯೂ ಗುರಿ ಮುಟ್ಟದವನು, ಸತತ ಎರಡು ಅವಧಿ ಅಂಕಗಳ ಕೊರತೆಯಿಂದ ಎಚ್ಚರಿಕೆಗೆ ಒಳಗಾದವನು ಹಿಂದಕ್ಕೆ ಹೋದ. ಈ ಮೂರು ಹೆಜ್ಜೆಗಳಿಗೆ ಖರ್ಚಿಲ್ಲ, ಒಂದೆರಡು ದಿನ ಬೇಕು, ಅಷ್ಟೆ. ಆದರೂ ಅನೇಕರು ಅವನ್ನು ಕಚೇರಿಯ ಕಾಟವೆಂದು ಮುಂದೂಡಿ, ಕೊನೆಗೆ ಪಟ್ಟಿಯ ತುದಿಯಲ್ಲಿ ನಿಲ್ಲುತ್ತಾರೆ.

ನಿರೀಕ್ಷಣಾ ಪಟ್ಟಿಯಲ್ಲಿ ಹೆಸರು ಬಂದರೆ ನಿರಾಶರಾಗಬೇಕಾಗಿಲ್ಲ. ಮೊದಲ ದಿನ ತರಗತಿಗೆ ಖುದ್ದಾಗಿ ಹೋಗಿ ನಿಲ್ಲಬೇಕು. ನೋಂದಾಯಿಸಿ ಬಾರದವರ ಹೆಸರನ್ನು ಅಧ್ಯಾಪಕರು ತೆಗೆದುಹಾಕುತ್ತಾರೆ; ಖಾಲಿಯಾದ ಸ್ಥಾನಕ್ಕೆ ಎದುರಿಗೆ ನಿಂತವನಿಗೆ ಸೇರ್ಪಡೆ ಸಂಖ್ಯೆ ಕೊಡುತ್ತಾರೆ. ಮುಂಜಾನೆಯ, ರಾತ್ರಿಯ, ಶನಿವಾರದ ತರಗತಿಗಳಲ್ಲಿ ಪೈಪೋಟಿ ಕಡಿಮೆ. ಪಕ್ಕದ ಜಿಲ್ಲೆಯ ಕಾಲೇಜಿನಲ್ಲಿ ಒಂದು ವಿಷಯ ತೆಗೆದುಕೊಳ್ಳಲೂ ಅಡ್ಡಿಯಿಲ್ಲ, ಆದರೆ ಆ ವಿಷಯವನ್ನು ಮುಂದೆ ಸೇರಬೇಕೆಂದಿರುವ ವಿಶ್ವವಿದ್ಯಾಲಯ ಮಾನ್ಯ ಮಾಡುತ್ತದೆಯೇ ಎಂಬುದನ್ನು ‘ಅಸಿಸ್ಟ್’ ಎಂಬ ಸಾರ್ವಜನಿಕ ದತ್ತಕೋಶದಲ್ಲಿ ಮೊದಲೇ ನೋಡಿಕೊಳ್ಳುವುದು ಅಗತ್ಯ.

ಸಿಕ್ಕ ತರಗತಿಯನ್ನು ನಡುವೆ ಬಿಡುವವರು ಇನ್ನೂ ಹೆಚ್ಚು ಎಚ್ಚರದಿಂದಿರಬೇಕು. 2012ರಿಂದೀಚೆಗೆ, ನಿಗದಿತ ದಿನ ಮೀರಿ ಬಿಟ್ಟ ತರಗತಿಯೂ ಒಂದು ಪ್ರಯತ್ನವೆಂದೇ ಲೆಕ್ಕಕ್ಕೆ ಬಂದಿತು. ಸಾಮಾನ್ಯವಾಗಿ ಮೂರು ಪ್ರಯತ್ನ ಮುಗಿದರೆ ಅದೇ ವಿಷಯಕ್ಕೆ ಅದೇ ಜಿಲ್ಲೆಯಲ್ಲಿ ಮತ್ತೆ ಪ್ರವೇಶ ಕಷ್ಟ. ಮೊದಲ ವಾರಗಳಲ್ಲೇ ಬಿಟ್ಟರೆ ದಾಖಲೆಯಲ್ಲಿ ಗುರುತು ಉಳಿಯುವುದಿಲ್ಲ, ಶುಲ್ಕವೂ ಮರಳುತ್ತದೆ.

ಕೇಳಿದವರಿಗೆ ಸಿಗುವ ಹಣ

ಅಲ್ಪಾದಾಯದ ನಿವಾಸಿ ವಿದ್ಯಾರ್ಥಿಗಳಿಗೆ ಯೂನಿಟ್ ಶುಲ್ಕವನ್ನು ಪೂರ್ಣವಾಗಿ ಮನ್ನಾ ಮಾಡುವ ವ್ಯವಸ್ಥೆ ಕಡಿತದ ವರ್ಷಗಳಲ್ಲೂ ನಿಲ್ಲಲಿಲ್ಲ. ಮುಂದೆ ಅದಕ್ಕೆ ಕ್ಯಾಲಿಫೋರ್ನಿಯಾ ಕಾಲೇಜ್ ಪ್ರಾಮಿಸ್ ಗ್ರಾಂಟ್ ಎಂಬ ಹೆಸರು ಬಂತು. ಶುಲ್ಕ ಏರಿದ ಸುದ್ದಿ ಓದಿ ಓದನ್ನೇ ಬಿಟ್ಟವರಲ್ಲಿ ಈ ಮನ್ನಾಕ್ಕೆ ಅರ್ಹರಾಗಿದ್ದವರೂ ಇದ್ದರೆಂಬುದು ವಿಷಾದದ ಸಂಗತಿ. ಕೇಂದ್ರ ಸರ್ಕಾರದ ಪೆಲ್ ಅನುದಾನಕ್ಕೂ ಬೇರೆ ಅರ್ಜಿ ಬೇಕು. ಅದಕ್ಕೆ ಜೀವಮಾನದಲ್ಲಿ 12 ಸೆಮಿಸ್ಟರ್‌ಗಳ ಮಿತಿ ಇರುವುದರಿಂದ ಗುರಿಯಿಲ್ಲದ ತರಗತಿಗಳಿಗೆ ಅದನ್ನು ಸವೆಸಬಾರದು. ತೆರಿಗೆ ಪಾವತಿಸುವ ಕುಟುಂಬಗಳಿಗೆ 2009ರಿಂದ ಜಾರಿಯಲ್ಲಿರುವ ಶಿಕ್ಷಣ ತೆರಿಗೆ ರಿಯಾಯಿತಿಯಡಿ ವಿದ್ಯಾರ್ಥಿಯೊಬ್ಬನಿಗೆ ವರ್ಷಕ್ಕೆ 2,500 ಡಾಲರುಗಳವರೆಗೆ ದೊರೆಯುತ್ತದೆ. ಇದರ ಲೆಕ್ಕದಲ್ಲಿ ಮೊದಲ 2,000 ಡಾಲರ್ ಅರ್ಹ ವೆಚ್ಚಕ್ಕೆ ಪೂರ್ತಿ ರಿಯಾಯಿತಿ ಇರುವುದರಿಂದ, ಸಮುದಾಯ ಕಾಲೇಜಿನಂಥ ಅಗ್ಗದ ಓದಿಗೆ ಇದು ವಿಶೇಷವಾಗಿ ಹೊಂದುತ್ತದೆ. ಪುಸ್ತಕದ ರಸೀದಿಗಳನ್ನೂ ಜೋಪಾನವಾಗಿಡಬೇಕು, ಅವೂ ಲೆಕ್ಕಕ್ಕೆ ಬರುತ್ತವೆ.

ಪುಸ್ತಕದ ಬೆಲೆ ಕೆಲವೊಮ್ಮೆ ಬೋಧನಾ ಶುಲ್ಕವನ್ನೇ ಮೀರುತ್ತದೆ. ಕ್ಯೂಪರ್ಟಿನೊದ ಡಿ ಆಂಜಾ ಕಾಲೇಜಿನ ಅಧ್ಯಾಪಕಿಯರಾದ ಬಾರ್ಬರಾ ಇಲೋವ್ಸ್ಕಿ ಮತ್ತು ಸೂಸನ್ ಡೀನ್ ಅವರ ಸಂಖ್ಯಾಶಾಸ್ತ್ರದ ಪಠ್ಯಪುಸ್ತಕವನ್ನು ಯಾರು ಬೇಕಾದರೂ ಉಚಿತವಾಗಿ ಓದುವಂತೆ 2008ರಲ್ಲಿ ಬಿಡುಗಡೆ ಮಾಡಲಾಯಿತು. ಇಂಥ ಮುಕ್ತ ಪುಸ್ತಕ ಬಳಸುವ ಅಧ್ಯಾಪಕರ ತರಗತಿಯನ್ನು ಆರಿಸಿಕೊಳ್ಳುವುದು ಜಾಣತನ.

ಹಣವಿದ್ದವರಿಗೆ ಹೆಚ್ಚು ಬೆಲೆಗೆ ಹೆಚ್ಚುವರಿ ತರಗತಿ ಮಾರುವ ಯೋಚನೆಯೂ ಒಮ್ಮೆ ಬಂದಿತ್ತು. 2012ರಲ್ಲಿ ಸಾಂಟಾ ಮೋನಿಕಾ ಕಾಲೇಜು ಯೂನಿಟ್ ಒಂದಕ್ಕೆ ಸುಮಾರು 180 ಡಾಲರಿನಂತೆ ಬೇಡಿಕೆಯ ತರಗತಿಗಳನ್ನು ನಡೆಸಲು ಮುಂದಾಯಿತು. ಆ ಏಪ್ರಿಲ್‌ನಲ್ಲಿ ಆಡಳಿತ ಮಂಡಳಿಯ ಸಭೆಗೆ ನುಗ್ಗಲೆತ್ನಿಸಿದ ವಿದ್ಯಾರ್ಥಿಗಳ ಮೇಲೆ ಮೆಣಸಿನ ದ್ರಾವಣ ಸಿಂಪಡಣೆಯಾಯಿತು, ಯೋಜನೆ ಕೈಬಿಟ್ಟುಹೋಯಿತು. ವ್ಯಾಪಾರದ ಕಣ್ಣಿಗೆ ಅದು ತೀರಾ ಅಸಂಗತವಲ್ಲ: ಸರಕು ಕಡಿಮೆಯಿದ್ದಾಗ ಬೆಲೆಯಾದರೂ ಏರಬೇಕು, ಸಾಲಾದರೂ ಬೆಳೆಯಬೇಕು. ಆದರೆ ಎಲ್ಲರ ತೆರಿಗೆಯಿಂದ ಕಟ್ಟಿದ ಕೊಠಡಿಯಲ್ಲಿ ಒಂದೇ ಪಾಠಕ್ಕೆ ಎರಡು ದರ ಹಚ್ಚಿದರೆ ಸಾಲಿನಲ್ಲಿ ನಿಂತವನು ಸುಮ್ಮನಿರಲಾರ ಎಂಬುದನ್ನು ಮಂಡಳಿ ಮೊದಲೇ ಊಹಿಸಬೇಕಿತ್ತು.

ವರ್ಗಾವಣೆಯ ಬಾಗಿಲು

ಕಡಿತವು ಮುಂದಿನ ಮೆಟ್ಟಿಲನ್ನೂ ಅಲುಗಿಸುತ್ತದೆ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯು 2010ರ ವಸಂತಾವಧಿಯ ವರ್ಗಾವಣೆ ಪ್ರವೇಶಗಳನ್ನು ಬಹುಮಟ್ಟಿಗೆ ಮುಚ್ಚಿತು. ಡಿಸೆಂಬರಿನಲ್ಲಿ ಓದು ಮುಗಿಸಿ ಜನವರಿಗೆ ಸೇರಲು ಹೊರಟಿದ್ದವರು ನಡುದಾರಿಯಲ್ಲಿ ನಿಂತರು. ಅದೇ ವರ್ಷ ಬಂದ ಕಾನೂನೊಂದು ವರ್ಗಾವಣೆಗೆಂದೇ ರೂಪಿಸಿದ 60 ಯೂನಿಟ್‌ಗಳ ಪದವಿ ಪಡೆದವರಿಗೆ ಈ ವಿಶ್ವವಿದ್ಯಾಲಯ ವ್ಯವಸ್ಥೆಯಲ್ಲಿ ಸ್ಥಾನದ ಭರವಸೆ ನೀಡಿತು. ಭರವಸೆ ಇರುವುದು ವ್ಯವಸ್ಥೆಯೊಳಗೆ ಪ್ರವೇಶಕ್ಕೆ, ಮೆಚ್ಚಿದ ಊರಿನ ಮೆಚ್ಚಿದ ಆವರಣಕ್ಕಲ್ಲ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ಡೇವಿಸ್, ಇರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಸ್ ಆವರಣಗಳು ಷರತ್ತಿಗೊಳಪಟ್ಟು ಇಂಥ ಭರವಸೆ ನೀಡುತ್ತವೆ. ಬರ್ಕ್ಲಿ ಮತ್ತು ಲಾಸ್ ಏಂಜಲಿಸ್ ನೀಡುವುದಿಲ್ಲ.

ಕಾಲೇಜಿನ ಮಾನ್ಯತೆಯೇ ಅಲುಗಾಡಿದರೆ? ಸಿಟಿ ಕಾಲೇಜ್ ಆಫ್ ಸ್ಯಾನ್ ಫ್ರಾನ್ಸಿಸ್ಕೋಕ್ಕೆ 2012ರಲ್ಲಿ ಎಚ್ಚರಿಕೆ ಬಂತು, 2013ರಲ್ಲಿ ಮಾನ್ಯತೆ ರದ್ದುಗೊಳಿಸುವ ತೀರ್ಮಾನವೇ ಹೊರಬಿತ್ತು. ಸಾವಿರಾರು ಮಂದಿ ಬೇರೆಡೆಗೆ ಹೋದರು. ರದ್ದತಿ ಜಾರಿಗೆ ಬರಲೇ ಇಲ್ಲ; 2017ರಲ್ಲಿ ಮಾನ್ಯತೆ ಪೂರ್ಣವಾಗಿ ಊರ್ಜಿತವಾಯಿತು, ಅಲ್ಲಿಯವರೆಗೆ ಗಳಿಸಿದ ಯೂನಿಟ್‌ಗಳಿಗೂ ಬೆಲೆ ಉಳಿಯಿತು. ಗಾಳಿಮಾತು ಕೇಳಿ ಓಡುವ ಬದಲು ರದ್ದತಿಯ ದಿನಾಂಕ, ಮೇಲ್ಮನವಿಯ ಸ್ಥಿತಿಗಳನ್ನು ವಿಚಾರಿಸಿದವರಿಗೆ ನಷ್ಟವಾಗಲಿಲ್ಲ.

ಎರಡು ವರ್ಷ ಅಗ್ಗವಾಗಿ ಓದಿ ಮುಂದೆ ದೊಡ್ಡ ವಿಶ್ವವಿದ್ಯಾಲಯ ಸೇರುವ ಈ ದಾರಿಯಲ್ಲಿ ಮಕ್ಕಳನ್ನು ಕರ್ನಾಟಕದಿಂದ ಕಳುಹಿಸಲು ಆಲೋಚಿಸುವ ಉದ್ಯಮಿ ಕುಟುಂಬಗಳು ಗಮನಿಸಬೇಕಾದ ಅಂಶಗಳು ಬೇರೆ. ವಿದ್ಯಾರ್ಥಿ ವೀಸಾದಲ್ಲಿ ಹೋದವರು ತೆರುವುದು 46 ಡಾಲರ್ ಮಾತ್ರವಲ್ಲ, ಅದರ ಹಲವು ಪಟ್ಟಾಗುವ ಅನಿವಾಸಿ ದರ. ಅವರಿಗೆ ಮನ್ನಾ ಇಲ್ಲ, ಪೆಲ್ ಇಲ್ಲ. ಪ್ರತಿ ಅವಧಿಯಲ್ಲಿ 12 ಯೂನಿಟ್ ಓದಲೇಬೇಕು, ಅದರಲ್ಲಿ ದೂರದಿಂದ ಕಲಿಯುವ ತರಗತಿ ಒಂದೇ ಒಂದು ಲೆಕ್ಕಕ್ಕೆ ಬರುತ್ತದೆ. ತರಗತಿಗಳು ತುಂಬಿಹೋಗಿ 9 ಯೂನಿಟ್ ಮಾತ್ರ ಸಿಕ್ಕಿದರೆ ಸ್ಥಳೀಯನಿಗೆ ಅದು ವಿಳಂಬ, ವೀಸಾದಾರನಿಗೆ ದೇಶದಲ್ಲಿ ಉಳಿಯುವ ಹಕ್ಕಿಗೇ ಕುತ್ತು. ಆದುದರಿಂದ ಯೂನಿಟ್ ಕಡಿಮೆಯಾಗುವ ಮೊದಲೇ ಕಾಲೇಜಿನ ವಿದೇಶಿ ವಿದ್ಯಾರ್ಥಿ ಅಧಿಕಾರಿಯ ಬರವಣಿಗೆಯ ಸಮ್ಮತಿ ಪಡೆಯಬೇಕು. ಕ್ಯೂಪರ್ಟಿನೊ, ಸನ್ನಿವೇಲ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಅವಲಂಬಿತ ವೀಸಾದಲ್ಲಿರುವ ಪತ್ನಿ ಅಥವಾ ಪತಿ ಒಂದು ವರ್ಷ ಒಂದು ದಿನದ ವಾಸ ತೋರಿಸಿದರೆ ನಿವಾಸಿ ದರಕ್ಕೆ ಅರ್ಹರಾಗಬಹುದು. ಇದನ್ನು ತಿಳಿಯದೆ ಅನಿವಾಸಿ ಶುಲ್ಕ ಕಟ್ಟಬೇಕಾಗಿಲ್ಲ.

ಕಾರ್ಖಾನೆಯ ಮಾಲೀಕನ ಪಾಲು

ಕಡಿತ ಬಂದಾಗ ಮೊದಲು ಬಲಿಯಾಗುವುದು ಲೇತ್, ಬೆಸುಗೆ, ವಿದ್ಯುತ್ ಕೆಲಸದ ತರಗತಿಗಳು. ಕಾರಣ ಸರಳ. ಆ ಕಾಲದ ಪದ್ಧತಿಯಲ್ಲಿ ಪೂರ್ಣಾವಧಿ ವಿದ್ಯಾರ್ಥಿಯೊಬ್ಬನಿಗೆ ರಾಜ್ಯ ಕೊಡುತ್ತಿದ್ದ ಹಣ ವಿಷಯ ಯಾವುದಾದರೂ ಒಂದೇ. ನೂರು ಜನರಿಗೆ ಇತಿಹಾಸದ ಉಪನ್ಯಾಸ ನಡೆಸಿದರೆ ಕಾಲೇಜಿಗೆ ಉಳಿತಾಯ. ಇಪ್ಪತ್ತು ಜನರಿಗೆ ಯಂತ್ರಶಾಲೆ ನಡೆಸಿದರೆ ಉಕ್ಕು, ಅನಿಲ, ವಿಮೆ ಎಲ್ಲ ಸೇರಿ ನಷ್ಟ. ಒಮ್ಮೆ ಮುಚ್ಚಿ ಯಂತ್ರಗಳನ್ನು ವಿಲೇವಾರಿ ಮಾಡಿದ ಶಾಲೆಯನ್ನು ಮತ್ತೆ ತೆರೆಯಲು ಬಂಡವಾಳ ಹುಟ್ಟುವುದಿಲ್ಲ. ಈ ಕೊರತೆ ನೀಗಿಸಲು ರಾಜ್ಯವು ಕಸುಬು ಶಿಕ್ಷಣಕ್ಕೆಂದೇ ವರ್ಷಕ್ಕೆ 20 ಕೋಟಿ ಡಾಲರ್ ಮೀಸಲಿಟ್ಟದ್ದು 2016ರಲ್ಲಿ.

ಪ್ರತಿ ಕಸುಬು ವಿಭಾಗಕ್ಕೂ ಸ್ಥಳೀಯ ಉದ್ಯಮಿಗಳ ಸಲಹಾ ಸಮಿತಿ ಇರುತ್ತದೆ. ಯಾವ ತರಗತಿ ಉಳಿಯಬೇಕೆಂಬ ಚರ್ಚೆಯಲ್ಲಿ, ಇಷ್ಟು ಮಂದಿಗೆ ಕೆಲಸ ಕೊಡುತ್ತೇವೆಂದು ಲಿಖಿತವಾಗಿ ಹೇಳುವ ನಾಲ್ಕು ಸಣ್ಣ ಕಾರ್ಖಾನೆಗಳ ಮಾತಿಗೆ ತೂಕವಿದೆ. ನೌಕರನ ಓದಿಗೆ ಮಾಲೀಕ ವರ್ಷಕ್ಕೆ 5,250 ಡಾಲರ್‌ವರೆಗೆ ಕೊಟ್ಟರೆ ನೌಕರನಿಗೆ ಅದರ ಮೇಲೆ ಆದಾಯ ತೆರಿಗೆ ಇಲ್ಲ. ಅದಕ್ಕಿಂತ ಅಗ್ಗವಾದ ನೆರವೆಂದರೆ, ಸಿಕ್ಕ ಒಂದೇ ತರಗತಿ ಮಧ್ಯಾಹ್ನವಿದ್ದರೆ ಪಾಳಿಯನ್ನು ಬದಲಿಸಿಕೊಡುವುದು. ನಮ್ಮಲ್ಲೂ 1961ರ ಅಪ್ರೆಂಟಿಸ್ ಕಾಯಿದೆಯಡಿ 30 ಮತ್ತು ಹೆಚ್ಚು ಕೆಲಸಗಾರರಿರುವ ಘಟಕಗಳಿಗೆ ಶಿಕ್ಷಾರ್ಥಿಗಳನ್ನು ತೆಗೆದುಕೊಳ್ಳುವುದು ಕಡ್ಡಾಯ, 4ರಿಂದ 29 ಇರುವವರಿಗೆ ಐಚ್ಛಿಕ. 2016ರ ಪ್ರೋತ್ಸಾಹ ಯೋಜನೆಯಲ್ಲಿ ಶಿಷ್ಯವೇತನದ ಒಂದು ಪಾಲನ್ನು ಕೇಂದ್ರ ಸರ್ಕಾರ ಭರಿಸಲು ಒಪ್ಪಿತು. ಈ ಸೌಲಭ್ಯವನ್ನು ಕೇಳಿ ಪಡೆಯದ ಸಣ್ಣ ಘಟಕಗಳಿಗೆ ಇಲ್ಲೂ ಕೊರತೆಯಿಲ್ಲ.

2012ರ ನವೆಂಬರಿನಲ್ಲಿ ಮತದಾರರು 30ನೇ ಪ್ರಸ್ತಾವವನ್ನು ಒಪ್ಪಿ ಮಾರಾಟ ತೆರಿಗೆಯನ್ನೂ ಹೆಚ್ಚು ಆದಾಯದವರ ತೆರಿಗೆಯನ್ನೂ ಏರಿಸಿಕೊಂಡ ಮೇಲೆ ತರಗತಿಗಳು ಕ್ರಮೇಣ ಮರಳಿದವು. 2020ರ ಸಾಂಕ್ರಾಮಿಕದಲ್ಲಿ ರಾಜ್ಯವು ಮತ್ತೆ ನೂರು ಕೋಟಿ ಡಾಲರಿಗೂ ಮೀರಿದ ಹಣವನ್ನು ಮುಂದೂಡಿ, ಮರುವರ್ಷ ತೀರಿಸಿತು. ಈ ಸಲ ಚಿತ್ರ ತಿರುಗಿಬಿದ್ದಿತ್ತು: ನಿರೀಕ್ಷಣಾ ಪಟ್ಟಿಗಳು ಕರಗಿ, ಖಾಲಿ ಕುರ್ಚಿಗಳನ್ನು ತುಂಬಲು ಕಾಲೇಜುಗಳೇ ಬಿಟ್ಟುಹೋದ ವಿದ್ಯಾರ್ಥಿಗಳಿಗೆ ದೂರವಾಣಿ ಕರೆ ಮಾಡಬೇಕಾಯಿತು.